ದಾರಿಯಲ್ಲಿ ಕೈಯೊಡ್ಡಿದವನು

ಮೋಸಹೋಗುವುದು ಹೆಚ್ಚಿನ ನಷ್ಟವೋ, ಮೋಸಹೋದೇನೆಂದು ಸದಾ ಹೆದರುವುದೋ? ಮೊನ್ನೆ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಹೊರಗೆ ಒಬ್ಬಾತ ನನ್ನನ್ನು ತಡೆದ. ಪಕ್ಕದಲ್ಲಿ ಹೆಂಡತಿ, ಅವಳ ಸೊಂಟದ ಮೇಲೊಂದು ಕೂಸು. “ಸ್ವಾಮಿ, ಬ್ಯಾಗು ಕಳುವಾಯಿತು, ಹಣವೆಲ್ಲ ಅದರಲ್ಲೇ ಇತ್ತು. ರಾಯಚೂರಿಗೆ ಇಬ್ಬರ ಚಾರ್ಜು ಕೊಡಿ” ಎಂದ. ಈ ಕತೆ ನನಗೆ ಹೊಸದಲ್ಲ. ಹಿಂದೊಮ್ಮೆ ಇದನ್ನೇ ನಂಬಿ ಹಣ ಕೊಟ್ಟು, ವಾರ ಕಳೆದು ಅದೇ ಮನುಷ್ಯನನ್ನು ಅದೇ ಕಂಬದ ಬಳಿ ಕಂಡಿದ್ದೆ. ಈ ಸಲ ಮೇಷ್ಟರ ಗತ್ತಿನಲ್ಲಿ ಕೇಳಿದೆ: “2023ರ ಜೂನಿನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲವಲ್ಲಪ್ಪ, ಇಬ್ಬರದೇಕೆ?” ಆತ ತಲೆತಗ್ಗಿಸಿ ಸರಿದುಹೋದ. ಸುಳ್ಳನ್ನು ಹಿಡಿದೆನೆಂದು ಹಿಗ್ಗಿದೆ.

ಮನೆ ಸೇರಿದ ಮೇಲೆ ಹೊಳೆಯಿತು. ಉಚಿತ ಪ್ರಯಾಣಕ್ಕೆ ಗುರುತಿನ ಚೀಟಿ ತೋರಿಸಬೇಕು. ಅದೂ ಆ ಬ್ಯಾಗಿನಲ್ಲೇ ಇದ್ದಿದ್ದರೆ?

ಇಂಥಲ್ಲಿ ಉಪಾಯವೇನೋ ಉಂಟು. ಕೈಗೆ ಹಣ ಕೊಡದೆ ಬಸ್ಸಿನವರೆಗೆ ಜೊತೆಯಲ್ಲಿ ಹೋಗಿ ಕಂಡಕ್ಟರರಿಂದಲೇ ಟಿಕೇಟು ಕೊಡಿಸಬಹುದು. ಕತೆ ಕಟ್ಟುವವನು ಸಾಮಾನ್ಯವಾಗಿ ಅಷ್ಟು ದೂರ ಬರಲೊಪ್ಪುವುದಿಲ್ಲ. ಅದಕ್ಕೆ ಹತ್ತು ನಿಮಿಷ ಸಾಕಿತ್ತು. ಕಾಲೇಜಿಗೆ ಹೊತ್ತಾಗಿತ್ತೆಂದು ಹೇಳೋಣವೆಂದರೆ, ನಾನು ಹೊರಟಿದ್ದುದು ಕಾಫಿ ಕುಡಿಯಲು.