ಇಂದಿನ ಅಕ್ಕಿ ಇಂದಿಗೆ



1990ರ ದಶಕದಲ್ಲಿ ನಮ್ಮ ನಾಡಿನ ಹಲವು ಹಳ್ಳಿಗಳಲ್ಲಿಯೂ ಬೆಂಗಳೂರಿನ ಕೆಲವು ಓಣಿಗಳಲ್ಲಿಯೂ ಮನೆಯ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಇರುಳಿನಲ್ಲಿ ಮೋಹಿನಿಯೊಂದು ಪರಿಚಿತರ ದನಿಯಿಂದ ಕೂಗಿ ಬಾಗಿಲು ತೆರೆಸುವುದೆಂದೂ, ಆ ಎರಡು ಮಾತನ್ನು ಓದಿ ಹಿಂದಿರುಗುವುದೆಂದೂ, ಮರುದಿನ ಬಂದಾಗ ಮತ್ತೆ ಅದನ್ನೇ ಓದಿ ಮತ್ತೆ ಹಿಂದಿರುಗುವುದೆಂದೂ ಜನರು ನಂಬಿದ್ದರು. ಇದು ಮೌಢ್ಯವೆಂದು ತಿಳಿದವರು ನಕ್ಕರು, ನಾನೂ ನಕ್ಕೆನು. ಆದರೆ ನಮ್ಮ ನಮ್ಮ ಅಂತರಂಗದ ಬಾಗಿಲನ್ನು ಒಮ್ಮೆ ನೋಡಿಕೊಂಡರೆ ಆ ನಗೆ ನಿಲ್ಲುವುದು. ಅಲ್ಲಿಯೂ ಅದೇ ಬರಹವಿದೆ. ಅದನ್ನು ಓದಿ ದಿನದಿನವೂ ಹಿಂದಿರುಗುತ್ತಿರುವುದು ಮಾತ್ರ ಭೂತವಲ್ಲ. ನಮ್ಮಿಂದ ಆಗಬೇಕಾದ ಸತ್ಕಾರ್ಯ.

ಈ ರೋಗಕ್ಕೆ ಶರಣರಲ್ಲಿ ಮದ್ದುಂಟೆ? ಉಂಟು. ಅದನ್ನು ಕೊಟ್ಟವಳು ಒಬ್ಬ ಬಡ ಗೃಹಿಣಿ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರು. 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು ನೆಲೆಸಿದವರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಕಾಳುಕಾಳಾಗಿ ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮಕ್ಕೆ ನೀಡಿ ಪ್ರಸಾದವನ್ನು ಸ್ವೀಕರಿಸುವುದು ಆ ಮನೆಯ ನಿತ್ಯವ್ರತ. ಒಂದು ದಿನ ಮಾರಯ್ಯನು ಪ್ರಭುದೇವರೊಡನೆ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತನು. ಹೊತ್ತು ಏರಿತು. ಆಗ ಲಕ್ಕಮ್ಮನು ಬಂದು, ಕಾಯಕವು ಅಲ್ಲಿಯೇ ನಿಂತುಹೋಗಿರುವುದನ್ನು ಪತಿಗೆ ನೆನಪಿಸಿ, ತಡಮಾಡದೆ ಹೊರಡುವಂತೆ ಎಚ್ಚರಿಸಿದಳು. ಶೂನ್ಯಸಂಪಾದನೆಯನ್ನು ಓದಿದವರೆಲ್ಲರಿಗೂ ಈ ಪ್ರಸಂಗವು ತಿಳಿದುದೇ ಆಗಿದೆ.

ಇಲ್ಲಿ ಒಂದು ವಿಷಯವನ್ನು ಸೂಕ್ಷ್ಮವಾಗಿ ನೋಡತಕ್ಕುದು. ಮಾರಯ್ಯನ ಕೆಲಸವನ್ನು ತಡೆದುದು ನಿದ್ರೆಯಲ್ಲ, ಜೂಜಲ್ಲ, ಹರಟೆಯೂ ಅಲ್ಲ, ಸಾಕ್ಷಾತ್ ಶಿವಾನುಭವಗೋಷ್ಠಿ! ಕಾಳು ಆಯುವ ಕೆಲಸಕ್ಕಿಂತ ಅದು ಎಷ್ಟೋ ದೊಡ್ಡದೆಂದು ಯಾರಾದರೂ ಹೇಳುವರು. ಲಕ್ಕಮ್ಮನು ಹಾಗೆ ಎಣಿಸಲಿಲ್ಲ. ವಿಳಂಬವು ಯಾವಾಗಲೂ ಸೋಮಾರಿತನದ ಕೊಳಕು ಬಟ್ಟೆಯನ್ನುಟ್ಟೇ ಬರುವುದಿಲ್ಲ. ಎಷ್ಟೋ ಸಲ ಅದು ಮಹತ್ಕಾರ್ಯದ ಮಡಿಯುಟ್ಟು ಬರುತ್ತದೆ. ಆಗ ಅದನ್ನು ಗುರುತಿಸುವುದೇ ಕಷ್ಟ.

ಇದನ್ನು ನಾನು ಗ್ರಂಥದಿಂದ ಕಲಿತೆನೆಂದು ಹೇಳಿದರೆ ಸುಳ್ಳಾದೀತು. ನನಗೆ ಬಾಲ್ಯದಲ್ಲಿ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಗುರುಗಳು ಇಳಿವಯಸ್ಸಿನಲ್ಲಿ ಮಲ್ಲೇಶ್ವರದಲ್ಲಿ ಮಗಳ ಮನೆಯಲ್ಲಿದ್ದರು. ಅವರ ಕಣ್ಣು ಮಂಜಾಗಿತ್ತು. ತಾವು ಯೌವನದಲ್ಲಿ ಬರೆದಿಟ್ಟಿದ್ದ ಒಂದು ಟಿಪ್ಪಣಿಯ ಪುಸ್ತಕವನ್ನು ನನ್ನ ಕೈಗಿತ್ತು, "ಇದರಲ್ಲಿ ಈ ಒಂದು ಪುಟವನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಪ್ಪ, ಬೆಳಗಿನ ಪೂಜೆಯಾದ ಮೇಲೆ ಓದಿಕೊಳ್ಳುತ್ತೇನೆ" ಎಂದರು. "ಅಪ್ಪಣೆ" ಎಂದು ತಂದೆನು. ಮನೆಗೆ ಬಂದ ಮೇಲೆ ನನಗೊಂದು ದೊಡ್ಡ ಸಂಕಲ್ಪ ಹುಟ್ಟಿತು. ಒಂದು ಪುಟವೇಕೆ? ಇಡೀ ಪುಸ್ತಕವನ್ನೇ ಒಳ್ಳೆಯ ಕಾಗದದ ಮೇಲೆ ಅಂದವಾಗಿ ಬರೆದು, ಬಟ್ಟೆಯ ರಟ್ಟು ಹಾಕಿಸಿ ಗುರುಗಳ ಪಾದದಲ್ಲಿ ಇಡೋಣ ಎಂದುಕೊಂಡೆನು. ಆ ಕಾಗದ ತರುವುದಕ್ಕೆ ಒಂದು ತಿಂಗಳು ಕಳೆಯಿತು. ಪಾಠಶಾಲೆಯ ಪರೀಕ್ಷೆ ಬಂದಿತು. ಬೇಸಗೆಯ ರಜೆಯಲ್ಲಿ ನಿಶ್ಚಿಂತನಾಗಿ ಬರೆಯುವೆನೆಂದು ಸಮಾಧಾನ ಹೇಳಿಕೊಂಡೆನು. ಚಾಮರಾಜಪೇಟೆಯ ನನ್ನ ಮನೆಯಿಂದ ನಡೆದುಹೋಗಿ ಮಾರುಕಟ್ಟೆಯ ಬಳಿ ಮೆಟ್ರೋ ಹತ್ತಿದರೆ ಮೂರನೆಯ ನಿಲ್ದಾಣವೇ ಸಂಪಿಗೆ ರಸ್ತೆ. ಆದರೂ ಬರಿಗೈಯಲ್ಲಿ ಹೋಗಲು ನಾಚಿ, ಗುರುದರ್ಶನವನ್ನೂ ಮುಂದೂಡಿದೆನು. ರಜೆ ಬರುವುದಕ್ಕೆ ಮೊದಲೇ ಗುರುಗಳು ಲಿಂಗೈಕ್ಯರಾದರು.

ಕ್ರಿಯಾಸಮಾಧಿ ಮುಗಿದು ಮನೆಗೆ ಬಂದ ಆ ಸಂಜೆ ಪುಸ್ತಕವನ್ನು ತೆರೆದು ಆ ಒಂದು ಪುಟವನ್ನು ದಪ್ಪ ಅಕ್ಷರದಲ್ಲಿ ಬರೆದೆನು. ಮುಗಿಸಿ ಗಡಿಯಾರವನ್ನು ನೋಡಿದೆನು. ಹನ್ನೆರಡು ನಿಮಿಷ ಹಿಡಿದಿತ್ತು. ಓದುವ ಕಣ್ಣುಗಳು ಮಾತ್ರ ಇರಲಿಲ್ಲ.

ನಾನು ಸೋಮಾರಿಯಾಗಿದ್ದುದರಿಂದ ಇದು ತಪ್ಪಿತೆಂದು ಹೇಳಲಾರೆ. ಆ ನಾಲ್ಕು ತಿಂಗಳಲ್ಲಿ ಬೇರೆ ಎಷ್ಟೋ ಕೆಲಸಗಳನ್ನು ಮಾಡಿದ್ದೆನು. ಅವರು ಕೇಳಿದುದು ಒಂದು ಪುಟ. ನಾನು ಕೊಡಬೇಕೆಂದುದು ಒಂದು ಗ್ರಂಥ. ಆ ಗ್ರಂಥದ ಹಿರಿಮೆಯಲ್ಲಿ ಗುರುಭಕ್ತಿಗಿಂತ ನನ್ನ ಹೆಸರಿನ ಆಸೆಯೇ ಹೆಚ್ಚಾಗಿತ್ತೆಂದು ಈಗ ತೋರುತ್ತದೆ. ಚಿಕ್ಕ ಕರ್ತವ್ಯವನ್ನು ಕೊಲ್ಲುವುದಕ್ಕೆ ದೊಡ್ಡ ಸಂಕಲ್ಪದಷ್ಟು ಹರಿತವಾದ ಆಯುಧ ಬೇರೆ ಇಲ್ಲ.

ಇನ್ನು ಲಕ್ಕಮ್ಮನ ಕಥೆಯ ಉತ್ತರಾರ್ಧವನ್ನು ನೋಡೋಣ. ಎಚ್ಚರಿಕೆ ಪಡೆದ ಮಾರಯ್ಯನು ಅವಸರದಿಂದ ಹೋಗಿ ಬಸವಣ್ಣನವರ ಅಂಗಳದಲ್ಲಿ ಅಂದು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಸಂತೋಷಪಟ್ಟಳೆ? ಇಲ್ಲ. ಈ ಹೆಚ್ಚಳವು ಆಸೆಯ ಫಲವೆಂದು ತಿಳಿದು, ಮಿಕ್ಕುದನ್ನು ಮೊದಲಿದ್ದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಮೊದಲನೆಯ ಮಾತು, ಇಂದಿನದನ್ನು ನಾಳೆಗೆ ತಳ್ಳಬೇಡವೆಂದು. ಎರಡನೆಯ ಮಾತು, ನಾಳೆಯದನ್ನು ಇಂದೇ ತುಂಬಿಕೊಳ್ಳಬೇಡವೆಂದು. ಇವೆರಡೂ ಬೇರೆಬೇರೆಯೆಂದು ತೋರಿದರೂ ಮೂಲದಲ್ಲಿ ಒಂದೇ. ಕೆಲಸವನ್ನು ನಾಳೆಗೆ ಬಿಡುವವನೂ, ನಾಳೆಗೆಂದು ಕೂಡಿಡುವವನೂ, ಇಬ್ಬರೂ ಕೈಯಲ್ಲಿರುವ ಈ ದಿನವನ್ನು ನಂಬದವರು. ಕಾಣದ ನಾಳೆಯನ್ನು ನಂಬಿದವರು. ಶರಣರ ಅಳತೆಯಾದರೋ ಇಂದಿಗೆ ಬೇಕಾದಷ್ಟು ಅಕ್ಕಿ. ಅದಕ್ಕೆ ಕಡಿಮೆಯಾಗಬಾರದು, ಹೆಚ್ಚೂ ಆಗಬಾರದು.

ನಮ್ಮ ಧರ್ಮದ ತಿರುಳೂ ಇದೇ ಅಲ್ಲವೆ? ಅಖಂಡವೂ ಅಪ್ರಮಾಣವೂ ಆದ ಶಿವತತ್ತ್ವವನ್ನು ಎಂದೋ ಒಂದು ದಿನ ಕೈಲಾಸಕ್ಕೆ ಹೋಗಿ ಕಾಣಿರೆಂದು ಗುರುವು ಹೇಳಲಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಕಿರಿದಾದ ಇಷ್ಟಲಿಂಗವನ್ನು ಕರಸ್ಥಲಕ್ಕೆ ಕೊಟ್ಟು, ಇಂದು, ಇಲ್ಲಿ, ಸ್ನಾನವಾದೊಡನೆ ಪೂಜಿಸೆಂದು ವಿಧಿಸಿದನು. ಮಹತ್ತು ಕೈಗೆ ಸಿಗಬೇಕಾದರೆ ಅದು ಕೈಯಷ್ಟಾಗಿ ಬರಬೇಕು.

ಚಿಕ್ಕ ಕೆಲಸದಿಂದ ದೊಡ್ಡದು ಸಾಧ್ಯವೆ ಎಂದು ಕೇಳುವವರಿಗೆ ಫ. ಗು. ಹಳಕಟ್ಟಿಯವರ ಬಾಳೇ ಉತ್ತರ. ವಕೀಲರಾಗಿದ್ದ ಅವರು ಊರೂರು ಅಲೆದು ತಾಡವೋಲೆಯ ಕಟ್ಟುಗಳನ್ನು ಕೂಡಿಸಿ, ಒಂದೊಂದೇ ಗರಿಯನ್ನು ಓದಿ ವಚನಗಳನ್ನು ಬಿಡಿಸಿದರು. ಅದರಿಂದ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಹೊರಬಂದಿತು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಎಲ್ಲ ಓಲೆಗಳೂ ಕೂಡಿಬಂದ ಮೇಲೆ ನೋಡೋಣವೆಂದು ಅವರು ಕುಳಿತಿದ್ದರೆ ಇಂದು ನಾವು ಯಾವ ವಚನವನ್ನು ಕುರಿತು ಮಾತನಾಡುತ್ತಿದ್ದೆವು? ನಮ್ಮ ಬಸವನಗುಡಿಯ ದೊಡ್ಡ ಬಸವಣ್ಣನೂ ಒಂದೇ ಬಂಡೆಯಲ್ಲಿ ಮೂಡಿದವನಾದರೂ ಒಂದೇ ಏಟಿಗೆ ಮೂಡಿದವನಲ್ಲ; ಉಳಿಯ ಒಂದೊಂದು ಪೆಟ್ಟಿಗೆ ಒಂದೊಂದು ಚಕ್ಕೆ ಎದ್ದುದರಿಂದಲೇ ಮೂಡಿದನು.

ಹಾಗಾದರೆ ಆಚರಣೆ ಹೇಗೆ? ನಾನು ವಿದ್ಯಾರ್ಥಿಗಳಿಗೆ ಹೇಳುವ ಮೂರು ನಿಯಮಗಳನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲನೆಯದು: ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಆಗುವ ಕೆಲಸವನ್ನು ಕಂಡೊಡನೆ ಮಾಡಿಬಿಡತಕ್ಕುದು. ತೊಟ್ಟಿಕ್ಕುವ ನಲ್ಲಿಯನ್ನು ಬಿಗಿಯುವುದು, ಹರಿದ ಗುಂಡಿಯನ್ನು ಹೊಲಿಯುವುದು, ಹಸಿ ಕಸವನ್ನೂ ಒಣ ಕಸವನ್ನೂ ಬೇರ್ಪಡಿಸಿ ಇಡುವುದು, ಊರಿನಲ್ಲಿರುವ ತಾಯಿಗೆ ಫೋನು ಮಾಡಿ ಊಟವಾಯಿತೆ ಎಂದು ಕೇಳುವುದು, ತಂದ ಪುಸ್ತಕವನ್ನು ಒಡೆಯನಿಗೆ ಮುಟ್ಟಿಸುವುದು. ಇವುಗಳನ್ನು ಪಟ್ಟಿ ಮಾಡುವ ಹೊತ್ತಿನಲ್ಲಿ ಇವೇ ಮುಗಿಯುತ್ತವೆ.

ಎರಡನೆಯದು: ಕೆಲಸವು ದೊಡ್ಡದಾಗಿದ್ದರೆ ಅದರಿಂದ ಒಂದು ಕಾಳನ್ನು ಇಂದು ಆಯ್ದುಕೊಳ್ಳತಕ್ಕುದು. ಗ್ರಂಥವಾದರೆ ಒಂದು ಪುಟ. ಸಾಲವಾದರೆ ಒಂದು ಕಂತು. ಮುನಿಸಾದರೆ ಒಂದು ಮಾತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಚಿಕ್ಕ ಕೆಲಸಗಳ ಮರೆಯಲ್ಲಿಯೂ ವಿಳಂಬವು ಅಡಗುವುದುಂಟು. ಆಸ್ಪತ್ರೆಯಲ್ಲಿರುವ ನೆಂಟನನ್ನು ನೋಡಲು ಅಂಜಿದವನು ಅಂದೇ ಪುಸ್ತಕದ ಕಪಾಟಿನ ಧೂಳನ್ನು ಝಾಡಿಸತೊಡಗುವನು. ಆದುದರಿಂದ ಬೆಳಗಿನ ಲಿಂಗಪೂಜೆಯಾದೊಡನೆ, "ಇಂದು ನಾನು ಯಾವ ಕಾಳನ್ನು ನೋಡಿಯೂ ನೋಡದಂತೆ ದಾಟುತ್ತಿರುವೆನು?" ಎಂದು ತನ್ನನ್ನು ತಾನೇ ಕೇಳಿಕೊಂಡು, ಅದನ್ನೇ ಮೊದಲು ಎತ್ತಿಕೊಳ್ಳಬೇಕು. ಮನಸ್ಸು ಪ್ರಾಮಾಣಿಕವಾಗಿದ್ದರೆ ಉತ್ತರಕ್ಕೆ ತಡವಾಗದು.

ಆ ದಪ್ಪ ಅಕ್ಷರದ ಪುಟವು ಈಗಲೂ ನನ್ನ ಪೂಜೆಯ ಜಗಲಿಯ ಪಕ್ಕದಲ್ಲಿದೆ. ಬೆಳಗಿನ ಪೂಜೆಯಾದ ಮೇಲೆ ಗುರುಗಳು ಓದಬೇಕಾಗಿದ್ದುದನ್ನು ನಾನು ಓದುತ್ತೇನೆ. ಓದಿದ ಮೇಲೆ ಆ ದಿನದ ಕಾಳನ್ನು ಆಯಲು ಏಳುತ್ತೇನೆ. ಗುರುಋಣವು ಇದರಿಂದ ತೀರುವುದೆಂಬ ಭ್ರಾಂತಿ ನನಗಿಲ್ಲ. ಇನ್ನೊಂದು ಋಣವು ಹೀಗೆ ಉಳಿಯದಿರಲೆಂಬುದಷ್ಟೇ ಪ್ರಾರ್ಥನೆ.

ವಾಚಕ ಮಹಾಶಯರೇ, ನಿಮ್ಮ ಕೈಗಾಗಿ ಕಾದಿರುವ ಒಂದು ಪುಟವು, ಒಂದು ಮಾತು, ಒಂದು ದರ್ಶನವು ಇದನ್ನು ಓದುವಾಗಲೇ ನಿಮಗೆ ನೆನಪಾಗಿರಬೇಕು. ಪತ್ರಿಕೆಯನ್ನು ಮುಚ್ಚಿಡಿರಿ, ಉಳಿದ ಲೇಖನಗಳು ಎಲ್ಲಿಯೂ ಹೋಗವು. ಎದೆಯ ಬಾಗಿಲ ಮೇಲಿನ ಬರಹವನ್ನು ಒರಸಿ, ಬಂದ ಒಳಿತನ್ನು ಒಳಗೆ ಕರೆದುಕೊಳ್ಳಿರಿ.