ವಿಶ್ವಾಸವೂ ಸತ್ಕ್ರಿಯೆಯೂ

ವ್ರತನಿಷ್ಠರಾದ ಶ್ರಾವಕರ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುವುದುಂಟು. ಜಿನವಚನದಲ್ಲಿ ದೃಢವಾದ ನಂಬಿಕೆಯಿದ್ದ ಮೇಲೆ ಉಪವಾಸದಿಂದ ಆಗಬೇಕಾದುದೇನು ಎಂದು ತರುಣರು ಕೇಳುತ್ತಾರೆ. ಅಷ್ಟಮಿ ಚತುರ್ದಶಿಗಳನ್ನು ತಪ್ಪದೆ ನಡೆಸಿದರೆ ಸಾಕು, ಉಳಿದುದು ತಾನಾಗಿ ಬರುವುದೆಂದು ಹಿರಿಯರಲ್ಲಿ ಕೆಲವರು ಹೇಳುತ್ತಾರೆ. ಈ ವಿವಾದ ಜೈನರದು ಮಾತ್ರವಲ್ಲ. ಯುರೋಪಿನ ಕ್ರೈಸ್ತಸಮಾಜ ಹದಿನಾರನೆಯ ಶತಮಾನದಲ್ಲಿ ಒಡೆಯಲು ಇದೊಂದು ಮುಖ್ಯ ಕಾರಣವಾಯಿತು.

ಒಡೆದ ಆ ಎರಡು ಕವಲುಗಳೂ ತುಮಕೂರು ಸೀಮೆಗೆ ಬಂದಿವೆ. 1830ರ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಯೂರಿದರು. ಅಲ್ಲಿದ್ದ ವಿಲಿಯಂ ಆರ್ಥರ್ ತಮ್ಮ ಅನುಭವವನ್ನು 1847ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಕ್ಯಾಥೋಲಿಕರಾದರೋ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು.

ದೇವರ ಮುಂದೆ ಮನುಷ್ಯನು ನೀತಿವಂತನೆನಿಸುವುದು ವಿಶ್ವಾಸವೊಂದರಿಂದಲೇ, ಸತ್ಕ್ರಿಯೆ ಅದರ ಫಲವೇ ಹೊರತು ಕಾರಣವಲ್ಲ ಎಂಬುದು ಮಾರ್ಟಿನ್ ಲೂಥರನ ವಾದ. ಇದಕ್ಕೆ ಕ್ಯಾಥೋಲಿಕ ಸಭೆ 1547ರ ಜನವರಿಯಲ್ಲಿ, ಟ್ರೆಂಟ್ ಪರಿಷತ್ತಿನಲ್ಲಿ, ಉತ್ತರ ಕೊಟ್ಟಿತು. ಕ್ಯಾಥೋಲಿಕರು ಪುಣ್ಯಕಾರ್ಯದಿಂದ ಸ್ವರ್ಗವನ್ನು ಕೊಳ್ಳುತ್ತಾರೆಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ, ಅದು ಸರಿಯಲ್ಲ. ಮೊದಲ ಕೃಪೆಯನ್ನು ಯಾವ ಕ್ರಿಯೆಯಿಂದಲೂ ಸಂಪಾದಿಸಲಾಗದೆಂದೇ ಆ ಪರಿಷತ್ತು ಹೇಳಿತು. ಆದರೆ ಬಂದ ಕೃಪೆಗೆ ಮನುಷ್ಯನು ಸಮ್ಮತಿಸಬೇಕು, ಅದರೊಡನೆ ದುಡಿಯಬೇಕು. ಭರವಸೆ ಮತ್ತು ಪ್ರೀತಿಗಳು ಕೂಡದ ವಿಶ್ವಾಸ ಪೂರ್ಣವಲ್ಲ. ಸತ್ಕ್ರಿಯೆಯಿಂದ ಕೃಪೆ ಬೆಳೆಯುತ್ತದೆ. ಘೋರಪಾಪದಿಂದ, ವಿಶ್ವಾಸ ಉಳಿದಿದ್ದರೂ, ಕೃಪೆ ನಷ್ಟವಾಗುತ್ತದೆ. ಈ ಕೊನೆಯ ಮಾತು ವಿಚಾರಾರ್ಹವಾದುದು: ನಂಬುವವನೂ ಕೆಡಬಲ್ಲನು.

ನಾಲ್ಕೂವರೆ ಶತಮಾನಗಳ ಬಳಿಕ, 1999ರ ಅಕ್ಟೋಬರ್ 31ರಂದು, ಕ್ಯಾಥೋಲಿಕರೂ ಲೂಥರನ್ನರೂ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಈ ವಿಷಯದ ಮೂಲತತ್ತ್ವಗಳ ಬಗೆಗೆ ಒಮ್ಮತದ ಘೋಷಣೆಗೆ ಸಹಿಮಾಡಿದರು. 2006ರಲ್ಲಿ ಮೆಥಡಿಸ್ಟರ ವಿಶ್ವಪರಿಷತ್ತೂ ಅದನ್ನು ಒಪ್ಪಿತು. ಗುಬ್ಬಿಗೆ ಬಂದ ಉಪದೇಶಕರು ಈ ಮೆಥಡಿಸ್ಟ್ ಪರಂಪರೆಯವರೇ. ಅದರ ಪ್ರವರ್ತಕ ಜಾನ್ ವೆಸ್ಲಿ ವಿಶ್ವಾಸವನ್ನೇ ಸಾರಿದರೂ ಶುಕ್ರವಾರದ ಉಪವಾಸವನ್ನು ಅನುಯಾಯಿಗಳಿಗೆ ವಿಧಿಸಿದ್ದುದು ವಿಶೇಷ.

ಜೈನದೃಷ್ಟಿಗೆ ಇಲ್ಲಿ ಒಂದು ಎಲ್ಲೆಯಿದೆ. ಕ್ಯಾಥೋಲಿಕನಿಗೆ ಸುಕೃತದ ಯೋಗ್ಯತೆಯೂ ಕಡೆಗೆ ದೇವರ ದಾನವೇ. ಜಿನಮತದಲ್ಲಿ ಕೊಡುವವನಿಲ್ಲ, ಸಂವರ ನಿರ್ಜರೆಗಳನ್ನು ಜೀವನು ತಾನೇ ಸಾಧಿಸಬೇಕು. ಈ ಭೇದವನ್ನು ಮರೆಸಿ ಎಲ್ಲವೂ ಒಂದೇ ಎನ್ನುವುದು ಉಭಯ ಧರ್ಮಗಳಿಗೂ ಅನ್ಯಾಯ.

ಆದರೂ ಪ್ರಶ್ನೆಯ ಕಗ್ಗಂಟು ಒಂದೇ. ಸಮ್ಯಕ್ತ್ವವಿಲ್ಲದ ದ್ರವ್ಯಲಿಂಗಿ ಮುನಿ ಕಠೋರ ಚಾರಿತ್ರದಿಂದ ಗ್ರೈವೇಯಕದವರೆಗೆ ಏರಬಹುದು, ಮೋಕ್ಷವನ್ನು ಪಡೆಯಲಾರನು. ಮಗ್ಗುಲಲ್ಲೇ ಶ್ರೇಣಿಕ ಮಹಾರಾಜನ ಕಥೆಯಿದೆ. ಯಶೋಧರ ಮುನಿಗೆ ಉಪಸರ್ಗ ಮಾಡಿ ನರಕಾಯುಷ್ಯವನ್ನು ಕಟ್ಟಿಕೊಂಡ ಅರಸನಿಗೆ ಮುಂದೆ ಕ್ಷಾಯಿಕ ಸಮ್ಯಕ್ತ್ವ ಲಭಿಸಿತು. ಸಪ್ತಮ ನರಕದ ಬಂಧ ಪ್ರಥಮ ನರಕಕ್ಕೆ ಇಳಿಯಿತು. ಭಾವಿ ತೀರ್ಥಂಕರಪದವೂ ನಿಶ್ಚಿತವಾಯಿತು. ಆದರೆ ನರಕಾಯು ಬದ್ಧವಾದ್ದರಿಂದ ಒಂದು ಅಣುವ್ರತವನ್ನೂ ಕೈಕೊಳ್ಳಲು ಅವನಿಗೆ ಸಾಧ್ಯವಾಗಲಿಲ್ಲ. ಶ್ರದ್ಧೆಯೊಂದೇ ಸಾಕೆನ್ನುವ ತರುಣರು ಶ್ರೇಣಿಕನನ್ನು ಉದಾಹರಿಸುವುದುಂಟು. ವ್ರತ ಅವನಿಗೆ ಬೇಡವಾಗಿರಲಿಲ್ಲ, ದೊರೆಯದೆ ಹೋಗಿತ್ತು ಎಂಬುದನ್ನು ಅವರು ಗಮನಿಸರು.

ಹಿರಿಯರ ಮಾತಿಗೆ ತತ್ತ್ವಾರ್ಥಸೂತ್ರದಲ್ಲೇ ಉತ್ತರವಿದೆ. ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳು ಹೋದವನೇ ವ್ರತಿ. ಮೈಯಲ್ಲಿ ಮುಳ್ಳು ಮುರಿದುಕೊಂಡವನು ಮೇಲೆ ಲೇಪ ಹಚ್ಚಿದಂತೆ, ಫಲದಾಸೆ ಒಳಗಿರುವಾಗ ಮಾಡಿದ ಉಪವಾಸ. ಕ್ಯಾಥೋಲಿಕರ ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರದಂದು, ಹದಿನೆಂಟು ತುಂಬಿದ, ಅರುವತ್ತಕ್ಕೆ ಕಾಲಿಡದ ಪ್ರತಿಯೊಬ್ಬನಿಗೂ ಉಪವಾಸ ವಿಹಿತ. ಅಂದು ಅವರ ದೇವಾಲಯಗಳಲ್ಲಿ ಓದುವ ಸುವಾರ್ತೆಯ ಭಾಗ, ಉಪವಾಸದಲ್ಲಿರುವವನು ಮುಖ ಬಾಡಿಸಿಕೊಂಡು ಜನರಿಗೆ ತೋರಬಾರದೆಂಬ ಯೇಸುವಿನ ಆದೇಶ.