ಒಂಬತ್ತು ಮಂದಿಯ ಆಟಕ್ಕೆ ಏಳು ಮಂದಿ ಸಾಕೆ?

2025ರ ಜನವರಿ 14ರಂದು ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ದಕ್ಷಿಣ ಕೊರಿಯಾದ ಹೆಣ್ಣುಮಕ್ಕಳನ್ನು ಕೊಕ್ಕೊದಲ್ಲಿ ಸೋಲಿಸಿದರು. ಅಂಕ 175–18. ಮಾರನೆಯ ದಿನ ಪತ್ರಿಕೆಯಲ್ಲಿ ಇದನ್ನು ಓದಿದ ಹಲವರು ಅಚ್ಚಿನ ತಪ್ಪಿರಬೇಕು ಎಂದುಕೊಂಡರು. ತಪ್ಪೇನೂ ಆಗಿರಲಿಲ್ಲ. ಅದು ಮೊದಲ ಕೊಕ್ಕೊ ವಿಶ್ವಕಪ್. 23 ದೇಶಗಳಿಂದ ಪುರುಷರ 20 ತಂಡ, ಮಹಿಳೆಯರ 19 ತಂಡ ಬಂದಿದ್ದವು. ಪೆರು, ಬ್ರೆಜಿಲ್‌ನವರೂ ಬಂದು ಚಾಪೆಯ ಮೇಲೆ ಕುಕ್ಕರಗಾಲಲ್ಲಿ ಕೂತು ‘ಖೋ’ ಎಂದು ಕೂಗಿದರು. ನಮ್ಮ ಶಾಲೆಯ ಮೈದಾನದ ಕೂಗು ಪೆರುವಿನವರ ಬಾಯಲ್ಲಿ ಕೇಳಿದಾಗ ಆದ ಸಂತೋಷವನ್ನು ನಾನು ಮುಚ್ಚಿಡಲಾರೆ.

ಜನವರಿ 19ರ ಫೈನಲ್‌ಗಳಲ್ಲಿ ಭಾರತದ ಎರಡೂ ತಂಡಗಳು ನೇಪಾಳವನ್ನು ಮಣಿಸಿದವು. ಪುರುಷರು 54–36, ಮಹಿಳೆಯರು 78–40. ಆ ಎರಡು ತಂಡಗಳಲ್ಲಿ ಕರ್ನಾಟಕದವರು ಇಬ್ಬರಿದ್ದರು: ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ. ಚೈತ್ರಾ ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿಗೆ ಅಂಟಿಕೊಂಡ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು, ಊರಿನಲ್ಲೇ ಆಟ ಕಲಿತವರು. ಫೈನಲ್‌ನ ಕೊನೆಯ ಸರದಿಯಲ್ಲಿ ಅವರಿದ್ದ ಮೂವರ ಬ್ಯಾಚು ಐದು ನಿಮಿಷಕ್ಕೂ ಮೀರಿ ಸಿಕ್ಕದೆ ಓಡಿತು. ಪಂದ್ಯದ ಶ್ರೇಷ್ಠ ಆಟಗಾರ್ತಿ ಅವರೇ.

ಆದರೆ ದೆಹಲಿಯಲ್ಲಿ ಆಡಿದ್ದು ನಾವು ಕಂಡ ಕೊಕ್ಕೊ ಅಲ್ಲ. ನಮ್ಮದು ಒಂಬತ್ತು ಮಂದಿಯ ಆಟ. ಎರಡು ಕಂಬ, ನಡುವೆ ಸುಣ್ಣದ ಗೆರೆ, ಎಂಟು ಚೌಕ. ಎಂಟು ಮಂದಿ ಒಬ್ಬರು ಆ ಕಡೆಗೆ, ಪಕ್ಕದವರು ಈ ಕಡೆಗೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವರು ಅಟ್ಟುತ್ತಾರೆ. ಕೂತವಳ ಒಂದು ಮಂಡಿ ನೆಲ ಮುಟ್ಟೀತೋ ಬೇಡವೋ ಎಂಬಂತಿರುತ್ತದೆ, ಬೆರಳುಗಳು ಗೆರೆಯ ಹಿಂದೆ ಮಣ್ಣಲ್ಲಿ ಊರಿರುತ್ತವೆ, ಕಿವಿಯೆಲ್ಲ ಬೆನ್ನ ಹಿಂದೆ. ಬೆನ್ನಿಗೆ ಕೈ ತಾಕಿ ‘ಖೋ’ ಬಿದ್ದ ಕ್ಷಣ ಅವಳು ಎದ್ದಾಗಿರಬೇಕು. ಎದ್ದ ಮೇಲೆ ಒಂದು ದಿಕ್ಕು ಹಿಡಿದರೆ ಕಂಬ ಸುತ್ತುವತನಕ ಹಿಂದಕ್ಕೆ ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಓಡುವವರಿಗೆ ಈ ಯಾವ ಕಟ್ಟೂ ಇಲ್ಲ. ಸಾಲಿನ ನಡುವೆ ನುಸುಳಬಹುದು, ಹಾವಿನ ಹಾಗೆ ಬಳುಕಬಹುದು. ಕಟ್ಟುಪಾಡಿರುವ ಒಂಬತ್ತು ಮಂದಿ, ಕಟ್ಟುಪಾಡಿಲ್ಲದ ಮೂವರನ್ನು ಹಿಡಿಯಬೇಕು. ಒಬ್ಬರ ಕಾಲಿನ ವೇಗದಿಂದ ಅದು ಆಗುವುದಿಲ್ಲ, ಯಾರಿಗೆ ಯಾವಾಗ ಖೋ ಕೊಡಬೇಕು ಎಂಬ ಒಂಬತ್ತು ತಲೆಗಳ ಲೆಕ್ಕ ಕೂಡಬೇಕು.

ದೆಹಲಿಯಲ್ಲಿ ಆ ಒಂಬತ್ತು ಏಳಾಯಿತು. ಸುಣ್ಣದ ಗೆರೆಯ ಮಣ್ಣಿನ ಬದಲು ಮ್ಯಾಟ್ ಬಂತು. ಒಂಬತ್ತು ನಿಮಿಷದ ಸರದಿ ಏಳು ನಿಮಿಷವಾಯಿತು. ಒಬ್ಬರನ್ನು ಔಟ್ ಮಾಡಿದರೆ ಒಂದಲ್ಲ, ಎರಡು ಅಂಕ. ಓಡುವ ಬ್ಯಾಚು ಹೊತ್ತು ಮೀರಿ ಉಳಿದರೆ ಅದಕ್ಕೂ ಅಂಕ. ಜತೆಗೆ ‘ವಜೀರ್’ ಎಂಬ ಆಟಗಾರ. ಅವನು ಬೇಕಾದ ದಿಕ್ಕಿಗೆ ತಿರುಗಿ ಅಟ್ಟಬಹುದು. ಈ ಬದಲಾವಣೆಗಳನ್ನು ಹೊರದೇಶದವರಿಗೆಂದೇ ಮಾಡಿದ್ದಲ್ಲ. 2022ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಅಲ್ಟಿಮೇಟ್ ಕೊಕ್ಕೊ ಲೀಗ್ ಶುರುವಾದಾಗ ಟಿ.ವಿ. ನೋಡುವವರ ಕಣ್ಣಿಗೆ ಒಗ್ಗುವಂತೆ ಆಟವನ್ನು ಮೊಟಕು ಮಾಡಿದರು. ಅದೇ ರೂಪ ಆಮೇಲೆ ವಿಶ್ವಕಪ್ಪಿಗೂ ಸಂದಿತು.

ಆಟವನ್ನು ಹೀಗೆ ಚಿಕ್ಕದು ಮಾಡಿದರೆ ಅದು ದೇಶ ದೇಶಗಳಿಗೆ ಹರಡುತ್ತದೆಯೇ? ಜಗತ್ತಿನ ಹಲವು ಆಟಗಳು ಈಗ ಇದೇ ಪ್ರಶ್ನೆ ಕೇಳಿಕೊಳ್ಳುತ್ತಿವೆ. ನಮಗೆ ಬಲು ದೂರದ ಐಸ್ ಹಾಕಿಯನ್ನೇ ನೋಡಿ. ಗೋಲ್‌ಕೀಪರ್ ಸೇರಿ ಆರು ಮಂದಿ ಮಂಜುಗಡ್ಡೆಯ ಮೇಲೆ ಆಡುವ ಆಟ. ದಣಿವು ಹೆಚ್ಚು, ಆದ್ದರಿಂದ ಬೆಂಚಿನಲ್ಲಿ ಎರಡು ಮೂರು ಪಟ್ಟು ಆಟಗಾರರು ಸರದಿಗೆ ಕಾದಿರಬೇಕು. ಅಷ್ಟು ಜನ ಮಕ್ಕಳಿಗೆ ಸ್ಕೇಟಿಂಗ್ ಕಲಿಸಿ, ದೊಡ್ಡ ಹಿಮಾಂಗಣ ಕಟ್ಟಿ ಸಾಕುವ ದೇಶಗಳು ಬೆರಳೆಣಿಕೆಯವು. ನಮ್ಮಲ್ಲಿ ಆ ಆಟ ಉಳಿದಿರುವುದೇ ಬಹುಪಾಲು ಲಡಾಖ್‌ನಿಂದ. ಅಲ್ಲಿನ ಹೆಣ್ಣುಮಕ್ಕಳೇ ಹೆಚ್ಚಾಗಿದ್ದ ಭಾರತ ತಂಡ 2025ರಲ್ಲಿ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ತಂದಿತು. ಇದೇ ಐಸ್ ಹಾಕಿಯಲ್ಲಿ 2020ರಲ್ಲಿ ಲೌಸಾನ್‌ನ ಚಳಿಗಾಲದ ಯುವ ಒಲಿಂಪಿಕ್ಸ್‌ನಲ್ಲಿ ಕೀಪರ್ ಬಿಟ್ಟು ಮೂವರ ಆಟವನ್ನು ತಂದರು. ಅಂಗಣದ ಉದ್ದಕ್ಕಲ್ಲ, ಅಡ್ಡಕ್ಕೆ ಆಡಿಸಿದರು. ಒಂದೊಂದು ತಂಡದಲ್ಲೂ ಬೇರೆ ಬೇರೆ ದೇಶದ ಮಕ್ಕಳನ್ನು ಬೆರೆಸಿದರು. ತನ್ನ ದೇಶದಲ್ಲಿ ಪೂರ್ತಿ ತಂಡವೇ ಇಲ್ಲದ ಮಗು ಕೂಡ ಒಲಿಂಪಿಕ್ಸ್ ಅಂಗಳಕ್ಕೆ ಕಾಲಿಟ್ಟಿತು.

ನನಗೆ ಇನ್ನೂ ಮುಖ್ಯವಾಗಿ ಕಂಡದ್ದು ನಾಲ್ಕು ವರ್ಷದ ನಂತರದ ಯುವ ಒಲಿಂಪಿಕ್ಸ್‌ನಲ್ಲಿ, ಕೊರಿಯಾದ ಗಾಂಗ್‌ವಾನ್‌ನಲ್ಲಿ ಮಾಡಿದ್ದು. ಅಲ್ಲಿ ಎರಡೂ ಇದ್ದವು. ಆರು ಮಂದಿಯ ಪೂರ್ಣ ಆಟಕ್ಕೆ ಒಂದು ಪಂದ್ಯಾವಳಿ, ಮೂವರ ಆಟಕ್ಕೆ ಬೇರೆಯದೇ ಒಂದು. ದೊಡ್ಡ ದೇಶಗಳು ಮೊದಲನೆಯದರಲ್ಲಿ ಸೆಣಸಿದವು; ಮೂವರ ಆಟದ ಚಿನ್ನ ಹುಡುಗರಲ್ಲಿ ಲಾಟ್ವಿಯಾಕ್ಕೆ, ಹುಡುಗಿಯರಲ್ಲಿ ಹಂಗೇರಿಗೆ ಹೋಯಿತು. ಚಿಕ್ಕ ಆಟ ದೊಡ್ಡ ಆಟದ ಜಾಗ ಕಿತ್ತುಕೊಳ್ಳಲಿಲ್ಲ.

ರಗ್ಬಿಯ ಕಥೆಯೂ ಇದನ್ನೇ ಹೇಳುತ್ತದೆ. ಹದಿನೈದು ಮಂದಿಯ ಆಟ ಏಳಕ್ಕಿಳಿದು 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಬಂದಾಗ ಶಾಂತ ಸಾಗರದ ನಡುವಿನ ಫಿಜಿ ಬ್ರಿಟನ್ನನ್ನು 43–7ರಿಂದ ಬಗ್ಗುಬಡಿಯಿತು. ಆ ದೇಶಕ್ಕೆ ಒಲಿಂಪಿಕ್ಸ್‌ನ ಮೊಟ್ಟಮೊದಲ ಪದಕವೇ ಚಿನ್ನ. ಹಾಗೆಂದು ಫಿಜಿಯವರು ಹದಿನೈದರ ಆಟವನ್ನು ಕೈಬಿಡಲಿಲ್ಲ, ಅದರ ವಿಶ್ವಕಪ್ಪಿನಲ್ಲೂ ಆಡುತ್ತಲೇ ಇದ್ದಾರೆ. ಆದರೆ ಫಿಜಿಯಲ್ಲಿ ರಗ್ಬಿ ಹಳ್ಳಿಹಳ್ಳಿಯ ಆಟ. ಚಿಕ್ಕ ರೂಪ ಅವರಿಗೆ ಆಟ ಕಲಿಸಲಿಲ್ಲ, ಕಲಿತಿದ್ದನ್ನು ಜಗತ್ತಿಗೆ ತೋರಿಸುವ ಅವಕಾಶ ಕೊಟ್ಟಿತು.

ಇಲ್ಲೇ ನನ್ನ ಅನುಮಾನವೂ ಹುಟ್ಟುವುದು. ಮೈದಾನದ ಹಾಕಿಯನ್ನೂ ಹನ್ನೊಂದರಿಂದ ಐದಕ್ಕಿಳಿಸಿದರು. 2018ರ ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸ್‌ನಲ್ಲಿ ನಮ್ಮ ಹುಡುಗರು, ಹುಡುಗಿಯರು ಇಬ್ಬರೂ ಐವರ ಹಾಕಿಯಲ್ಲಿ ಬೆಳ್ಳಿ ಗೆದ್ದರು. 2024ರ ಜನವರಿಯಲ್ಲಿ ಮಸ್ಕತ್‌ನಲ್ಲಿ ಐವರ ಹಾಕಿಯ ಮೊದಲ ವಿಶ್ವಕಪ್ ನಡೆದಾಗ ನಮ್ಮ ಮಹಿಳೆಯರು ಫೈನಲ್‌ವರೆಗೂ ಹೋಗಿ ನೆದರ್ಲೆಂಡ್ಸ್‌ಗೆ 7–2ರಿಂದ ಸೋತರು. ಪುರುಷರ ಕಪ್ಪೂ ನೆದರ್ಲೆಂಡ್ಸ್‌ಗೇ. ಹನ್ನೊಂದರ ಆಟದಲ್ಲಿ ಬಲಾಢ್ಯರಾದವರೇ ಐದರ ಆಟದಲ್ಲೂ ಗೆದ್ದರು. ಹೊಸಬರು ಅಂಗಳಕ್ಕೆ ಬಂದರು ನಿಜ, ಆದರೆ ಬಂದ ಮಾತ್ರಕ್ಕೆ ಸಮಾನರಾಗಲಿಲ್ಲ. 175–18 ಹೇಳುವುದೂ ಅದನ್ನೇ. ಕೊರಿಯಾದ ಹುಡುಗಿಯರಿಗೆ ಕಾಲಲ್ಲಿ ಶಕ್ತಿ ಇರಲಿಲ್ಲ ಎಂದಲ್ಲ. ಖೋ ಬಿದ್ದಾಗ ಏಳುವ ಅಭ್ಯಾಸ ಎಂಟನೇ ವಯಸ್ಸಿನಿಂದ ಬಂದಿರಬೇಕು, ಅದು ಬಂದಿರಲಿಲ್ಲ. ಅದೇ ಕೂಟದಲ್ಲಿ ಬ್ರೆಜಿಲ್‌ನ ಪುರುಷರು ನಮ್ಮವರ ಎದುರು 64–34ರವರೆಗೆ ತೂಗಿದರು ಎಂಬುದನ್ನೂ ಹೇಳಬೇಕು. ಬೀಜ ಬಿದ್ದಿದೆ; ಅಲ್ಲಿ ಯಾರಾದರೂ ಮಕ್ಕಳಿಗೆ ಕಲಿಸುತ್ತಾರೆಯೇ ಎಂಬುದು ಇನ್ನು ಮುಂದಿನ ಮಾತು.

ಆಟ ಬೆಳೆಯಲು ಚಿಕ್ಕದಾಗಲೇಬೇಕು ಎಂಬುದೂ ಇಲ್ಲ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದವು. ಮನೆಯ ಹೆಸರು ಬೆನ್ನ ಮೇಲಿದ್ದರೆ ಅಜ್ಜ, ಸೊಸೆ, ಮೊಮ್ಮಗ ಎಲ್ಲರೂ ಕೋಲು ಹಿಡಿಯುತ್ತಾರೆ.

ಇಷ್ಟು ಹೇಳಿ ನಮ್ಮ ಕಡೆಗೆ ತಿರುಗುತ್ತೇನೆ. ಏಳು ಮಂದಿಯ ಕೊಕ್ಕೊ ಬಗ್ಗೆ ನನ್ನ ಮನಸ್ಸು ಮೊದಲು ಒಪ್ಪಿರಲಿಲ್ಲ. ಮನಸ್ಸು ಬದಲಿಸಿದ್ದು ಬ್ರೆಜಿಲ್ ಅಲ್ಲ, ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೋಬಳಿ ಕ್ರೀಡಾಕೂಟ ಹತ್ತಿರವಾಗಿತ್ತು. ಹೆಣ್ಣುಮಕ್ಕಳ ಕೊಕ್ಕೊ ತಂಡ ಯಾಕೆ ಕಳಿಸುತ್ತಿಲ್ಲ ಎಂದು ಮೇಷ್ಟ್ರನ್ನು ಕೇಳಿದೆ. ‘ಒಂಬತ್ ಜನನ ಎಲ್ಲಿಂದ ತರ್ಲಿ ಸಾರ್? ಆರನೇ ಕ್ಲಾಸ್ ಮಕ್ಳುನ್ನೂ ಸೇರುಸ್ಕಂಡ್ರೆ ಎಂಟಾಯ್ತರೆ, ಅದ್ರಲ್ಲೊಬ್ಳು ಕಾಲ್ ನೋವು ಅಂತ ಕುಂತವ್ಳೆ’ ಅಂದರು. ಅಂಗಳದಲ್ಲಿ ಎರಡು ಕಂಬ ನಿಂತೇ ಇದ್ದವು. ಒಂದಕ್ಕೆ ದಾರ ಕಟ್ಟಿ ಬಿಸಿಯೂಟದ ಬಟ್ಟೆ ಒಣಹಾಕಿದ್ದರು. ನಾಲ್ಕೈದು ಹುಡುಗಿಯರು ಗೆರೆಯಿಲ್ಲದ ನೆಲದಲ್ಲೇ ಅಟ್ಟಾಡುತ್ತಿದ್ದರು, ಕೂರುವವರೇ ಇರಲಿಲ್ಲ.

ತಂಡಕ್ಕೆ ಮಂದಿ ಸಾಲದ ತೊಂದರೆ ಎಲ್ಲೋ ಹೊರದೇಶದವರದ್ದು ಎಂದು ನಾನು ದೂರದಲ್ಲಿ ನೋಡುತ್ತಿದ್ದದ್ದು ನಮ್ಮ ಹಲಗೂರು, ಕಿರುಗಾವಲು, ಮದ್ದೂರಿನ ಕೊಪ್ಪದ ಕಡೆಯ ಹಳ್ಳಿ ಶಾಲೆಗಳದ್ದೂ ಹೌದು. ಮಕ್ಕಳು ಕಡಿಮೆಯಾಗಿದ್ದಾರೆ. ಹಳದಿ ಬಸ್ಸು ಬೆಳಗ್ಗೆಯೇ ಬಂದು ಅರ್ಧ ಊರಿನ ಮಕ್ಕಳನ್ನು ಪೇಟೆಯ ಕಾನ್ವೆಂಟಿಗೆ ಕರೆದೊಯ್ಯುತ್ತದೆ. ಅಲ್ಲಿ ಎಷ್ಟೋ ಕಡೆ ಮಕ್ಕಳಿದ್ದಾರೆ, ಮೈದಾನವಿಲ್ಲ. ಇಲ್ಲಿ ಮೈದಾನವಿದೆ, ಒಂಬತ್ತು ಮಂದಿ ಇಲ್ಲ. ಹಲವು ಕಡೆ ದೈಹಿಕ ಶಿಕ್ಷಕರೂ ಇಲ್ಲ, ಗಣಿತದ ಮೇಷ್ಟ್ರೇ ಸೀಟಿ ಊದಬೇಕು. ಚೆಂಡು, ಬ್ಯಾಟು, ಬೂಟು ಏನೂ ಬೇಡದ, ಎರಡು ಕಂಬ ಮತ್ತು ಒಂದು ಹಿಡಿ ಸುಣ್ಣದಲ್ಲಿ ಆಗುವ ಈ ಆಟ ಬಡ ಮಕ್ಕಳ ಕೈತಪ್ಪುತ್ತಿರುವುದು ಬರೀ ತಲೆ ಎಣಿಕೆಯಿಂದ ಎಂದರೆ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಾಗಿ ಏಳು ಮಂದಿಯ ಆಟ ಬರಲಿ ಎನ್ನುತ್ತೇನೆ. ಆದರೆ ಒಂಬತ್ತು ಮಂದಿ ಸಿಗುವ ಕಡೆ ಏಳಕ್ಕೆ ಇಳಿಸುವುದು ಬೇಡ. ಅಲ್ಲಿ ಕೈಬಿಡುವ ಆ ಇಬ್ಬರು ಯಾರಾಗಿರುತ್ತಾರೆ ಎಂಬುದು ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು: ದಪ್ಪಗಿರುವ ಹುಡುಗಿ, ನಿಧಾನಕ್ಕೆ ಏಳುವ ಹುಡುಗ. ಕೊಕ್ಕೊದಲ್ಲಿ ಅವರಿಗೂ ಒಂದು ಚೌಕವಿತ್ತು. ಓಟದಲ್ಲಿ ಹಿಂದಿದ್ದರೂ ಹತ್ತಿರಕ್ಕೆ ಬಂದವರನ್ನು ಕೈಚಾಚಿ ಮುಟ್ಟುವ ಜಾಣ್ಮೆ ಅವರಿಗಿರುತ್ತದೆ. ವಜೀರನ ವಿಷಯಕ್ಕೂ ನನ್ನ ತಕರಾರಿದೆ. ಹಿಡಿದ ದಿಕ್ಕಿಗೆ ಬದ್ಧವಾಗಿರಬೇಕಾದ ಕಟ್ಟೇ ಈ ಆಟದ ಜೀವ. ಒಬ್ಬನಿಗೆ ಆ ಕಟ್ಟು ಬಿಚ್ಚಿದರೆ ಉಳಿದವರ ಲೆಕ್ಕಾಚಾರ ಸಡಿಲವಾಗುತ್ತದೆ. ಲೀಗಿನಲ್ಲಿ ಇರಲಿ, ಕಲಿಯುವ ಮಕ್ಕಳಿಗೆ ಬೇಡ.

ವಿಶ್ವಕಪ್ ಮುಗಿದ ಮೇಲೆ ನಡೆದದ್ದನ್ನೂ ಮರೆಯಲಾಗದು. ರಾಜ್ಯ ಸರ್ಕಾರ ಗೌತಮ್ ಮತ್ತು ಚೈತ್ರಾ ಅವರಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ಕೆಲಸ ಘೋಷಿಸಿತ್ತು. ನಮ್ಮ ಇಬ್ಬರೂ ಆ 5 ಲಕ್ಷ ಬೇಡ ಎಂದರು. ದುರಾಸೆಯಿಂದ ಬೇಡ ಎಂದರು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಹಳ್ಳಿಯಲ್ಲಿ ಮಗಳನ್ನು ಮೈದಾನಕ್ಕೆ ಕಳಿಸುವ ತಾಯಿ ಕೇಳುವುದು ಒಂದೇ: ಆಡಿದರೆ ನಾಳೆ ಏನು? ಆ ಪ್ರಶ್ನೆಗೆ ಉತ್ತರ ಇರುವುದರಿಂದಲೇ ವಿಶ್ವಕಪ್ ತಂಡಗಳಲ್ಲಿ ಮಹಾರಾಷ್ಟ್ರದವರು ಅಷ್ಟು ಮಂದಿ ಇದ್ದದ್ದು, ಎರಡೂ ತಂಡಗಳ ನಾಯಕರಾದ ಪ್ರತೀಕ್ ವೈಕರ್ ಮತ್ತು ಪ್ರಿಯಾಂಕಾ ಇಂಗಳೆ ಅಲ್ಲಿಯವರೇ ಆದದ್ದು ಎಂಬುದು ನನ್ನ ಎಣಿಕೆ.

ಸರ್ಕಾರದ ಕೆಲಸ ಸರ್ಕಾರ ಮಾಡಲಿ. ನಮ್ಮ ಜಿಲ್ಲೆಯ ಮಟ್ಟದಲ್ಲಿ ಈ ವರ್ಷವೇ ಆಗಬಹುದಾದ ಒಂದು ಕೆಲಸವಿದೆ, ಗಾಂಗ್‌ವಾನ್‌ನಲ್ಲಿ ಮಾಡಿದ್ದೇ. ಹೋಬಳಿ ಕ್ರೀಡಾಕೂಟದಲ್ಲಿ ಎರಡು ಪಟ್ಟಿ ಮಾಡಲಿ: ಒಂಬತ್ತು ಮಂದಿ ಇರುವ ಶಾಲೆಗಳಿಗೆ ಹಳೆಯ ಕೊಕ್ಕೊ, ಇಲ್ಲದ ಶಾಲೆಗಳಿಗೆ ಏಳರ ಕೊಕ್ಕೊ. ಅಕ್ಕಪಕ್ಕದ ಎರಡು ಪುಟ್ಟ ಶಾಲೆಗಳು ಸೇರಿ ಒಂದು ತಂಡ ಕಟ್ಟುವುದಕ್ಕೂ ಅವಕಾಶವಿರಲಿ. ಏಳರಲ್ಲಿ ಚೆನ್ನಾಗಿ ಆಡಿದ ಮಕ್ಕಳನ್ನು ಆರಿಸಿ ತಾಲ್ಲೂಕಿನ ಒಂಬತ್ತರ ತಂಡಕ್ಕೆ ತೆಗೆದುಕೊಳ್ಳಲಿ. ಅಲ್ಲಿಂದ ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣ, ದಸರಾ ಕ್ರೀಡಾಕೂಟದ ದಾರಿ ಇದ್ದೇ ಇದೆ. ಖರ್ಚು ಹೆಚ್ಚಿಲ್ಲ. ಬೆಳಗಿನ ಹೊತ್ತು ಏಳರ ಪಂದ್ಯ ಆಡಿಸಿ, ಊಟದ ಬಿಡುವಿನಲ್ಲಿ ಗೆರೆ ಅಳಿಸಿ ಎಂಟು ಚೌಕ ಹಾಕಿಕೊಂಡರೆ ಅದೇ ಅಂಕಣದಲ್ಲಿ ಮಧ್ಯಾಹ್ನ ಒಂಬತ್ತರ ಪಂದ್ಯ ಶುರುವಾಗುತ್ತದೆ.